ಲಾಳ ಬಿಚ್ಚುವ ಮುಂಚೆ ಮೇವು ಬದಲಿಸಿ

ಪ್ರಶ್ನೆ: ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನಮ್ಮದು ನಾಲೆ ಬಯಲಿನ ಜಮೀನು. ಒಂದು ಎಕರೆಯಷ್ಟು ಜಾಗ ಬಿಟ್ಟು ಎರಡು ಕುದುರೆ ಸಾಕಿದ್ದೇನೆ. ಒಂದು, ರೇಸಿನಿಂದ ನಿವೃತ್ತಿಯಾದ ಎಂಟು ವರ್ಷದ ಥರೋಬ್ರೆಡ್ ಹೆಣ್ಣು ಕುದುರೆ. ಇನ್ನೊಂದು, ಎರಡು ವರ್ಷದ ಕಾಠಿಯಾವಾಡಿ ಗಂಡು ಮರಿ. ದೊಡ್ಡದಕ್ಕೆ ಕಟ್ಟಿಸಿದ ಲಾಳ ಮೂರು ವಾರವೂ ನಿಲ್ಲುತ್ತಿಲ್ಲ, ಮೊಳೆ ಹೊಡೆದ ಕಡೆಯೆಲ್ಲ ಗೊರಸು ಒಡೆದು ಚೂರಾಗಿದೆ. ಲಾಳ ಕಟ್ಟುವವರು ಮೈಸೂರಿನಿಂದ ಬರಬೇಕು, ಕರೆದಾಗ ಸಿಗುವುದಿಲ್ಲ. ಲಾಳವೇ ಇಲ್ಲದೆ ಸಾಕಬಹುದು ಎಂದು ಒಬ್ಬರು ಹೇಳುತ್ತಾರೆ, ಹಾಗೆ ಮಾಡಿದರೆ ಕುಂಟು ಬೀಳುತ್ತದೆ ಎಂದು ಇನ್ನೊಬ್ಬರು. ವಾರಕ್ಕೆ ಮೂರು ನಾಲ್ಕು ದಿನ ನಾಲೆ ಏರಿಯ ಮೇಲೆ, ಹಳ್ಳಿ ರಸ್ತೆಯಲ್ಲಿ ಸವಾರಿ ಮಾಡುತ್ತೇನೆ, ಅಷ್ಟೆ. ದಿನಕ್ಕೆ ಮೂರು ಕೆ.ಜಿ. ಬೂಸಾ, ಎರಡು ಕೆ.ಜಿ. ನೆನೆಸಿದ ಹುರುಳಿ, ಸ್ವಲ್ಪ ಬೆಲ್ಲ, ಹಸಿರಿಗೆ ನೇಪಿಯರ್ ಮತ್ತು ಕಬ್ಬಿನ ಸೋಗೆ ಹಾಕುತ್ತಿದ್ದೇನೆ. ಏನು ಮಾಡಲಿ? ಮರಿಗೆ ಯಾವಾಗ ಲಾಳ ಕಟ್ಟಿಸಬೇಕು?

ಉತ್ತರ: ಲಾಳವಿಲ್ಲದೆ ಸಾಕಬಹುದು. ವಾರಕ್ಕೆ ಮೂರು ನಾಲ್ಕು ದಿನದ ಮಣ್ಣುದಾರಿಯ ಸವಾರಿಗೆ ಕಬ್ಬಿಣ ಬೇಕಾಗಿಲ್ಲ. ಆದರೆ ಈಗಿಂದೀಗಲೇ ಲಾಳ ಬಿಚ್ಚಿಸಿದರೆ ನಿಮ್ಮ ಕುದುರೆ ಕುಂಟುವ ಸಂಭವವೇ ಹೆಚ್ಚು. ಆಗ ಊರಿನವರು ಹೇಳಿದ್ದೇ ಸರಿ ಎಂದುಕೊಂಡು ನೀವು ಮತ್ತೆ ಮೊಳೆ ಹೊಡೆಸುತ್ತೀರಿ. ನಮ್ಮ ಕಡೆ ಲಾಳವಿಲ್ಲದೆ ಸಾಕುವ ಪ್ರಯತ್ನ ಹೆಚ್ಚಾಗಿ ಕೆಡುವುದು ಹೀಗೆ. ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಬರಿಗಾಲಿನಲ್ಲಿ ನಡೆಯಬಲ್ಲ ಗೊರಸು ಬೆಳೆದು ಬರಲು ಒಂದು ವರ್ಷ ಬೇಕು, ಮತ್ತು ಅದನ್ನು ಬೆಳೆಸುವುದು ನೀವು ಹಾಕುವ ಮೇವು, ಕುದುರೆ ನಿಲ್ಲುವ ನೆಲ.

ಗೊರಸಿನ ಹೊರಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಕೂದಲಿನ ಅಂಚಿನಲ್ಲಿ ಇವತ್ತು ಹುಟ್ಟಿದ ಗೊರಸು ಮುಂತುದಿಯಲ್ಲಿ ನೆಲ ಮುಟ್ಟುವ ಹೊತ್ತಿಗೆ 9ರಿಂದ 12 ತಿಂಗಳಾಗಿರುತ್ತದೆ. ಹಿಮ್ಮಡಿಯ ಕಡೆ ಗೋಡೆ ಗಿಡ್ಡ, ಅಲ್ಲಿ ಅದರ ಅರ್ಧದಷ್ಟು ಕಾಲ ಸಾಕು. ಅಂದರೆ ಇವತ್ತು ನಿಮ್ಮ ಕಣ್ಣೆದುರು ಚೂರಾಗುತ್ತಿರುವುದು ಹೋದ ವರ್ಷದ ಮೇವಿನಲ್ಲಿ ಹುಟ್ಟಿದ ಗೊರಸು. ಅದಕ್ಕೆ ಯಾವ ಎಣ್ಣೆ ಸವರಿದರೂ ಗಟ್ಟಿಯಾಗುವುದಿಲ್ಲ. ಮೇಲಿಂದ ಹೊಸದು ಇಳಿದು ಬರಬೇಕು.

ಈ ಗೋಡೆಯನ್ನು ಒಳಗಿನ ಪಾದದ ಮೂಳೆಗೆ ಬಿಗಿದು ಹಿಡಿದಿರುವುದು ತೆಳುವಾದ ಪದರಗಳು. ಒಂದೊಂದು ಗೊರಸಿನಲ್ಲೂ 550ರಿಂದ 600 ದೊಡ್ಡ ಪದರ, ಅವುಗಳ ಒಂದೊಂದರ ಮೇಲೂ ನೂರಕ್ಕೆ ಮೀರಿದ ಸಣ್ಣ ಪದರ. ಕುದುರೆಯ ಅಷ್ಟೂ ಭಾರ ನಿಂತಿರುವುದು ಈ ಹಿಡಿತದ ಮೇಲೆ. ಸಕ್ಕರೆ, ಪಿಷ್ಟ ಹೊಟ್ಟೆಗೆ ಹೆಚ್ಚಾದರೆ ಸಡಿಲವಾಗುವುದು ಇದೇ ಹಿಡಿತ. ಜೋರಾಗಿ ಬಂದರೆ ಅದು ಲ್ಯಾಮಿನೈಟಿಸ್, ಕುದುರೆ ಎದ್ದು ನಿಲ್ಲಲಾರದು. ಸಣ್ಣಗೆ ಒಳಗೊಳಗೇ ನಡೆಯುತ್ತಿದ್ದರೆ ಕುಂಟು ಕಾಣದು. ಆದರೆ ಗೋಡೆಗೂ ಅಂಗಾಲಿಗೂ ನಡುವಿನ ಬಿಳಿ ಗೆರೆ ಅಗಲವಾಗುತ್ತದೆ, ಗೋಡೆ ಹೊರಕ್ಕೆ ಚಾಚಿಕೊಳ್ಳುತ್ತದೆ, ಮೊಳೆ ಹಿಡಿಯುವುದಿಲ್ಲ, ಲಾಳ ಬಿಚ್ಚಿದ ದಿನ ಕಲ್ಲಿನ ಮೇಲೆ ಕಾಲಿಡಲು ಕುದುರೆ ಹೆದರುತ್ತದೆ. ಲಾಳ ನಿಲ್ಲುತ್ತಿಲ್ಲ ಎಂದು ನೀವು ಬರೆದದ್ದನ್ನೂ ಕೆಳಗೆ ಬರೆದಿರುವ ಮೇವಿನ ಪಟ್ಟಿಯನ್ನೂ ಒಟ್ಟಿಗೆ ಓದಿದಾಗ ನನಗೆ ಬಂದ ಅನುಮಾನ ಇದೇ.

ಮೇವಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಂಡ್ಯ ಸೀಮೆಯಲ್ಲಿ ಗೊರಸು ಕೆಡುವುದು ಬಹುಮಟ್ಟಿಗೆ ಪ್ರೀತಿಯಿಂದ. ಗೋಧಿ ಬೂಸಾದಲ್ಲಿ ರಂಜಕ ಸುಣ್ಣದಂಶದ ಸುಮಾರು ಹತ್ತು ಪಟ್ಟು ಇರುತ್ತದೆ. ಕುದುರೆಗೆ ಬೇಕಾದದ್ದು ಇದರ ತದ್ವಿರುದ್ಧ: ರಂಜಕದಷ್ಟಾದರೂ ಸುಣ್ಣದಂಶ, ಸಾಧ್ಯವಾದರೆ ಅದರ ಒಂದೂವರೆ ಎರಡು ಪಟ್ಟು. ಅದರ ಜೊತೆಗೆ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚು, ಅದು ಇದ್ದ ಸುಣ್ಣದಂಶವನ್ನೂ ಕಟ್ಟಿಹಾಕುತ್ತದೆ. ಹಸು ಎಮ್ಮೆಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹಳಷ್ಟು ಒಡೆದುಹಾಕುತ್ತವೆ. ಕುದುರೆಗೆ ಆ ಅನುಕೂಲ ಇಲ್ಲ. ಹಸುವಿಗೆ ಒಳ್ಳೆಯ ಹುಲ್ಲು ಕುದುರೆಗೂ ಒಳ್ಳೆಯದು ಎಂದುಕೊಂಡು ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೂಳೆಯಲ್ಲಿರುವ ಸುಣ್ಣ ಕರಗುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ, ಯಾವ ಕಾಲಿನದೆಂದು ಹೇಳಲಾಗದ ಕುಂಟು ಶುರುವಾಗುತ್ತದೆ.

ಇನ್ನು ಬೆಲ್ಲ ಮತ್ತು ಕಬ್ಬು. ಬೆಲ್ಲ ನಿಲ್ಲಿಸಿ, ಪೂರ್ತಿ ನಿಲ್ಲಿಸಿ. ಸೋಗೆಯ ಜೊತೆ ಬರುವ ಕಬ್ಬಿನ ತುದಿಯಲ್ಲೂ ಸಕ್ಕರೆ ಇದೆ. ನಿಮ್ಮ ಸುತ್ತಮುತ್ತ ಆಲೆಮನೆಗಳಿದ್ದರೆ ಅಲ್ಲಿಯವರು ಕುದುರೆ ಕಂಡ ಕೂಡಲೇ ಅಚ್ಚಿನ ತುಂಡು ಹಿಡಿದು ಬರುತ್ತಾರೆ, ಮಕ್ಕಳು ಕಬ್ಬಿನ ಗಿಣ್ಣು ಕೊಡುತ್ತಾರೆ. ಬೇಡ ಎಂದು ಎಲ್ಲರಿಗೂ ಒಮ್ಮೆ ಕೂರಿಸಿ ಹೇಳಿ. ಹುರುಳಿ ಕೆಟ್ಟದ್ದಲ್ಲ, ತಲೆಮಾರುಗಳಿಂದ ಕುದುರೆಯ ಆಹಾರ, ಸುಣ್ಣದಂಶವೂ ಅದರಲ್ಲಿ ಚೆನ್ನಾಗಿದೆ. ಆದರೆ ಎರಡು ಕೆ.ಜಿ. ದುಡಿಯುವ ಕುದುರೆಯ ಲೆಕ್ಕ. ನಿಮ್ಮದಕ್ಕೆ ಅರ್ಧ ಕೆ.ಜಿ. ಧಾರಾಳ, ಅದನ್ನೂ ನೆನೆಸಿ ಬೇಯಿಸಿ ಕೊಡಿ. ಹಸಿ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿದೆ, ಬೆಂದರೆ ಅದು ಹೋಗುತ್ತದೆ. ಬೂಸಾವನ್ನು ಒಂದೆರಡು ಹಿಡಿಗೆ ಇಳಿಸಿ, ಖನಿಜದ ಪುಡಿ ಕಲಸಲು ಅಷ್ಟು ಸಾಕು.

ಅವುಗಳ ಜಾಗಕ್ಕೆ ಒಣ ಮೇವು ಬರಲಿ. ದೇಹತೂಕದ ಶೇ. 1.5ರಿಂದ 2ರಷ್ಟು, ಅಂದರೆ 450 ಕೆ.ಜಿ. ಕುದುರೆಗೆ ಏಳರಿಂದ ಒಂಬತ್ತು ಕೆ.ಜಿ. ಒಣ ಮೇವು. ರಾಗಿ ಹುಲ್ಲು, ಒಣಗಿಸಿದ ಗರಿಕೆ, ಜೊತೆಗೆ ದಿನಕ್ಕೆ ಒಂದೆರಡು ಕೆ.ಜಿ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಈ ಸೊಪ್ಪಿನಲ್ಲಿ ಸುಣ್ಣದಂಶ ಹೇರಳ, ಬೂಸಾ ಮತ್ತು ನೇಪಿಯರ್ ಮಾಡಿದ ನಷ್ಟವನ್ನು ತುಂಬಿಕೊಡುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಹಾಕಲೇಬೇಡಿ. ಈ ಬದಲಾವಣೆ ಎರಡು ವಾರದಲ್ಲಿ ನಿಧಾನಕ್ಕೆ ಆಗಬೇಕು, ನೀರು ಸದಾ ತೊಟ್ಟಿಯಲ್ಲಿರಬೇಕು. ಒಮ್ಮೆಲೇ ಒರಟು ಹುಲ್ಲಿಗೆ ಹಾಕಿದರೆ ಹೊಟ್ಟೆ ಕಟ್ಟಿ ಶೂಲೆ ಬರಬಹುದು.

ಖನಿಜಗಳಲ್ಲಿ ಗೊರಸಿಗೆ ಮುಖ್ಯವಾದವು ಸತು ಮತ್ತು ತಾಮ್ರ. 500 ಕೆ.ಜಿ. ಕುದುರೆಗೆ ದಿನಕ್ಕೆ ಒಟ್ಟು 400 ಮಿ.ಗ್ರಾಂ. ಸತು, 100 ಮಿ.ಗ್ರಾಂ. ತಾಮ್ರ ಸೇರಬೇಕು. ಬಯೋಟಿನ್ ಎಂಬ ವಿಟಮಿನ್ ದಿನಕ್ಕೆ 15ರಿಂದ 20 ಮಿ.ಗ್ರಾಂ. ಕೊಟ್ಟರೆ ಗೊರಸಿನ ಗುಣ ಸುಧಾರಿಸುತ್ತದೆ, ಆದರೆ ಆರು ತಿಂಗಳಾದರೂ ಬಿಡದೆ ಕೊಡಬೇಕು. ಒಂದು ಡಬ್ಬಿ ಮುಗಿಸಿ ಏನೂ ಆಗಲಿಲ್ಲ ಎಂದು ಬಿಡುವವರು ದುಡ್ಡು ಕಳೆದುಕೊಂಡಂತೆ. ಇಲ್ಲೊಂದು ಎಚ್ಚರಿಕೆ: ಖನಿಜ ಸಿಗುತ್ತದೆ, ಬೆಲೆ ಕಡಿಮೆ ಎಂದು ಕೋಳಿ ಫೀಡು, ದನದ ಫೀಡು ಹಾಕಬೇಡಿ. ಕೆಲವು ಫೀಡುಗಳಲ್ಲಿ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಮದ್ದು, ಕುದುರೆಗೆ ಹೃದಯ ನಿಲ್ಲಿಸುವ ವಿಷ. ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಮೇವು ಬದಲಾಗಿ ಎರಡು ತಿಂಗಳಾದ ಮೇಲೆ ಗೊರಸನ್ನು ಹತ್ತಿರದಿಂದ ನೋಡಿ. ಕೂದಲಿನ ಅಂಚಿನಿಂದ ಕೆಳಗೆ ಒಂದೂವರೆ ಸೆಂಟಿಮೀಟರಿನಷ್ಟು ಹೊಸ ಗೋಡೆ ನಯವಾಗಿ, ಸ್ವಲ್ಪ ಬೇರೆ ಕೋನದಲ್ಲಿ ಇಳಿಯುತ್ತಿರುವುದು ಕಂಡರೆ ದಾರಿ ಸರಿಯಿದೆ. ಗೋಡೆಯ ಮೇಲೆ ಅಡ್ಡಕ್ಕೆ ಬಳೆಯಂಥ ಗೆರೆಗಳಿದ್ದು, ಅವು ಮುಂದೆ ಹತ್ತಿರ ಹತ್ತಿರ, ಹಿಮ್ಮಡಿಯ ಕಡೆ ದೂರ ದೂರ ಇದ್ದರೆ ಹಿಂದೆ ಲ್ಯಾಮಿನೈಟಿಸ್ ಆಗಿತ್ತೆಂದು ಅರ್ಥ. ಆಮೇಲೆ ಕಾಲೆತ್ತಿ ಅಂಗಾಲು ನೋಡಿ. ನಡುವೆ ಮೂರು ಮೂಲೆಯ ಮೆತ್ತನೆ ಭಾಗವಿದೆ, ವೈದ್ಯರು ಅದನ್ನು ಫ್ರಾಗ್ ಎನ್ನುತ್ತಾರೆ. ಆರೋಗ್ಯವಿದ್ದರೆ ಅದು ಅಗಲವಾಗಿ, ಹಳೆಯ ಟೈರಿನ ಹಾಗೆ ಒತ್ತಿದರೆ ಬಿಗಿಯಾಗಿರುತ್ತದೆ, ನಡುವಿನ ಗುಳಿ ಹೆಬ್ಬೆರಳು ಊರುವಷ್ಟು ಅಗಲ, ಆಳವಿಲ್ಲದ್ದು. ನಿಮ್ಮ ಕುದುರೆಯಲ್ಲಿ ಅದು ಸೊರಗಿ ಕಿರಿದಾಗಿ, ನಡುವಿನ ಗುಳಿ ಸಂದಿಯಾಗಿ ಹಿಮ್ಮಡಿಯ ಎರಡು ಉಬ್ಬುಗಳ ನಡುವೆ ಮೇಲಕ್ಕೆ ಸೀಳಿಕೊಂಡು ಹೋಗಿದ್ದರೆ ನನಗೆ ಆಶ್ಚರ್ಯವಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಆ ಸಂದಿಯಲ್ಲಿ ಇಳಿಸಿ ನೋಡಿ. ಕಪ್ಪಗೆ ಅಂಟಿಕೊಂಡು ನಾರಿದರೆ, ಕುದುರೆ ಕಾಲು ಕಿತ್ತುಕೊಂಡರೆ, ಅದು ಥ್ರಶ್. ಗಾಳಿಯಾಡದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಕೊಳೆ.

ಈ ಹಿಂಭಾಗದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬರಿಗಾಲಿನ ಕುದುರೆ ಹೆಜ್ಜೆಯಿಟ್ಟಾಗ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು. ಗೊರಸು ಆಗ ಹಿಂದೆ ಸ್ವಲ್ಪ ಅಗಲವಾಗುತ್ತದೆ, ಫ್ರಾಗ್ ಮತ್ತು ಅದರ ಮೇಲಿನ ನಾರಿನ ಮೆತ್ತೆ ಹೊಡೆತ ಕುಡಿಯುತ್ತವೆ, ರಕ್ತ ಮೇಲಕ್ಕೆ ಒತ್ತಲ್ಪಡುತ್ತದೆ. ಅಲ್ಲಿ ನೋವಿದ್ದರೆ ಕುದುರೆ ಹಿಮ್ಮಡಿ ಊರದೆ ಮುಂತುದಿಯಿಂದ ಕುಕ್ಕಿ ನಡೆಯುತ್ತದೆ. ಬಳಸದ ಮೆತ್ತೆ ಸೊರಗುತ್ತದೆ, ಸೊರಗಿದಷ್ಟೂ ಬಳಸಲು ಅಂಜುತ್ತದೆ. ಬರಿಗಣ್ಣಿಗೆ ಇದು ಕಾಣಿಸುವುದಿಲ್ಲ. ಯಾರಾದರೂ ಕುದುರೆ ನಡೆಸಲಿ, ನೀವು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ. ಯಾವುದು ಮೊದಲು ತಾಗಿತು ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ತಿಂಗಳಿಗೊಂದು ವಿಡಿಯೊ ಇಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಡ.

ಥ್ರಶ್ ಇದ್ದರೆ ಲಾಳ ಬಿಚ್ಚುವ ಮೊದಲೇ ವಾಸಿ ಮಾಡಿ. ದಿನಾ ಗೊರಸು ಕೆರೆದು ಬ್ರಷ್ ಹಾಕಿ, ತೊಳೆದು, ಒರೆಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಯಲ್ಲಿ ತುರುಕಿ. ಮೈಲುತುತ್ತದ ಪುಡಿ, ಫಾರ್ಮಲಿನ್, ಸುಟ್ಟ ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ. ಜೀವವಿರುವ ಮಾಂಸ ಸುಡುತ್ತದೆ, ಬೇಡ.

ನೆಲದ ಮಾತು. ನಿಮ್ಮ ಒಂದು ಎಕರೆಯನ್ನು ಬಯಲಾಗಿ ಬಿಡದೆ, ಅಂಚಿನ ಗುಂಟ ಹತ್ತು ಹನ್ನೆರಡು ಅಡಿ ಅಗಲದ ದಾರಿಯಾಗುವಂತೆ ಒಳಗೊಂದು ಬೇಲಿ ಹಾಕಿ. ಒಂದು ತುದಿಯಲ್ಲಿ ನೀರು, ಎದುರು ತುದಿಯಲ್ಲಿ ಹುಲ್ಲು. ಕಟ್ಟಿಹಾಕಿದ ಕುದುರೆಯ ಗೊರಸು ಬಲಿಯುವುದಿಲ್ಲ, ನಡೆದಷ್ಟೂ ಅದು ಗಟ್ಟಿಯಾಗುತ್ತದೆ. ಎರಡು ಕುದುರೆಗಳು ಜೊತೆಗಿರುವುದರಿಂದ ಒಂದರ ಹಿಂದೆ ಒಂದು ದಿನವಿಡೀ ಸುತ್ತುತ್ತವೆ. ನೀರಿನ ತೊಟ್ಟಿಯ ಸುತ್ತ ಅರ್ಧ ಅಡಿ ಆಳಕ್ಕೆ ಉರುಟಾದ ಸಣ್ಣ ಬೆಣಚುಕಲ್ಲು ತುಂಬಿಸಿ, ಕಡಲೆಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗೆ. ಲಾಳವಿಲ್ಲದ ಕಾಲದಲ್ಲಿ ಗ್ರೀಕರು ಲಾಯದ ಅಂಗಳಕ್ಕೆ ಗುಂಡುಕಲ್ಲು ಸುರಿಸಿ ಕುದುರೆಗಳನ್ನು ಅದರ ಮೇಲೆ ನಿಲ್ಲಿಸುತ್ತಿದ್ದದ್ದು ಕ್ರಿಸ್ತಪೂರ್ವ 4ನೆಯ ಶತಮಾನದಿಂದಲೇ ದಾಖಲಾಗಿದೆ. ಕಲ್ಲು ಒತ್ತಿದಂತೆ ಅಂಗಾಲು ದಪ್ಪವಾಗುತ್ತದೆ, ನೀರು ನಿಲ್ಲುವುದಿಲ್ಲ, ಸಂದಿ ತಾನೇ ಸ್ವಚ್ಛವಾಗುತ್ತದೆ. ಕ್ರಷರಿನ ಜಲ್ಲಿ ಮಾತ್ರ ತರಿಸಬೇಡಿ, ಅದರ ಮೂಲೆಗಳು ಚೂಪು, ಅಂಗಾಲಿಗೆ ಒಳಪೆಟ್ಟಾಗುತ್ತದೆ. ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನಿಮ್ಮ ಬಯಲು ಜೌಗಾಗುತ್ತದೆ. ಆಗ ಕುದುರೆ ಮಲಗುವ ಜಾಗವಾದರೂ ಎತ್ತರವಾಗಿ, ಗರಸು ಹೊಡೆದು ಒಣಗಿರಲಿ. ಹಗಲು ಕೆಸರು, ರಾತ್ರಿ ಒಣ ಸಿಮೆಂಟು, ಹೀಗೆ ಉಬ್ಬಿ ಕುಗ್ಗಿ ಮೊಳೆಯ ತೂತು ದೊಡ್ಡದಾಗುವುದೂ ನಿಮ್ಮ ಲಾಳ ಬೀಳಲು ಒಂದು ಕಾರಣವಿರಬಹುದು.

ಬಿಚ್ಚಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ. ಹಿಂಗಾರು ಮುಗಿದು ನೆಲ ಕೆಸರೂ ಅಲ್ಲದೆ ಕಲ್ಲೂ ಅಲ್ಲದೆ ಇರುತ್ತದೆ, ಏಪ್ರಿಲ್–ಮೇ ಮಳೆಗೆ ಮುಂಚೆ ಐದಾರು ತಿಂಗಳು ಸಿಗುತ್ತದೆ. ಮೊಳೆಯ ಮಡಿಸಿದ ತುದಿಗಳನ್ನು ಮೊದಲು ಅರದಿಂದ ಉಜ್ಜಿ ಬಿಡಿಸಿ, ಒಂದೊಂದೇ ಮೊಳೆ ತೆಗೆದು ಲಾಳ ಬಿಡಿಸಲು ಹೇಳಿ. ಒಮ್ಮೆಗೆ ಕಿತ್ತರೆ ಗೋಡೆ ಜೊತೆಗೇ ಬರುತ್ತದೆ. ಆ ದಿನ ಅಂಗಾಲನ್ನು ಕೆತ್ತಲು ಬಿಡಬೇಡಿ. ಇದು ಬಹಳ ಮುಖ್ಯ. ಲಾಳ ಕಟ್ಟುವಾಗ ಅಂಗಾಲು ಸಪಾಟು ಮಾಡಿ, ಫ್ರಾಗ್ ಅಂದವಾಗಿ ಕತ್ತರಿಸುವುದು ರೂಢಿ. ಬರಿಗಾಲಿಗೆ ಅದೇ ಚರ್ಮ, ಅದೇ ಚಪ್ಪಲಿ. ಒಳಗಿನ ಮೂಳೆಯ ಕೆಳಗೆ ಒಂದೂವರೆ ಸೆಂಟಿಮೀಟರಾದರೂ ಅಂಗಾಲು ಬೇಕು. ಥರೋಬ್ರೆಡ್‌ಗಳಲ್ಲಿ ಅದು ಮೊದಲೇ ತೆಳು. ಹೆಬ್ಬೆರಳಿನಿಂದ ಒತ್ತಿದಾಗ ಬಗ್ಗಿದರೆ ಇನ್ನೂ ಕಾಯಬೇಕು. ಗೋಡೆಯನ್ನು ಅಂಗಾಲಿಗಿಂತ ಒಂಚೂರು ಎತ್ತರಕ್ಕೆ ಬಿಟ್ಟು, ಹೊರ ಅಂಚನ್ನು ಸುತ್ತಲೂ ದುಂಡಗೆ ಉಜ್ಜಬೇಕು. ಚೂಪು ಅಂಚಿದ್ದರೆ ನೆಲಕ್ಕೆ ಸಿಕ್ಕಿ ಸೀಳುತ್ತದೆ. ರೇಸಿನ ಕುದುರೆಗಳಿಗೆ ಮುಂತುದಿ ಉದ್ದ, ಹಿಮ್ಮಡಿ ತಗ್ಗು ಇರುವುದು ಸಾಮಾನ್ಯ. ಆ ಮುಂತುದಿಯನ್ನು ಒಮ್ಮೆಗೇ ಅಲ್ಲ, ನಾಲ್ಕು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಿಂದಕ್ಕೆ ತರಿಸಿ.

ನಿಮ್ಮ ಲಾಳ ಕಟ್ಟುವವರನ್ನು ಬಿಡಬೇಡಿ. ಲಾಳವಿಲ್ಲ ಎಂದಮೇಲೆ ಕೂಲಿ ಅರ್ಧ ಎಂದು ಚೌಕಾಸಿ ಮಾಡುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅಂದಾಜು ತಪ್ಪದೆ ಉಜ್ಜುವುದಕ್ಕೆ ಅದೇ ಕಣ್ಣು, ಅದೇ ಕೈ ಬೇಕು. ಪೂರಾ ಕೂಲಿ ಕೊಡಿ, ಮುಂದಿನ ತಾರೀಖು ಅಂದೇ ನಿಗದಿ ಮಾಡಿ, ಅರ ಹಿಡಿಯುವುದನ್ನು ಅವರಿಂದಲೇ ಕಲಿಯಿರಿ. ಅವರು ಬರುವುದು ಎರಡು ವಾರ ತಡವಾದರೂ ಅಂಚು ದುಂಡಗಿಡುವಷ್ಟು ನಿಮಗೆ ಬಂದಿರಬೇಕು.

ಮೊದಲ ವಾರ ಸವಾರಿ ಬೇಡ, ಆ ದಾರಿಯಲ್ಲಿ ತಾನೇ ತಿರುಗಲಿ. ಆಮೇಲೆ ಕೈಯಲ್ಲಿ ಹಿಡಿದು ಇಪ್ಪತ್ತು ನಿಮಿಷ, ಗಟ್ಟಿ ಮಣ್ಣಿನಲ್ಲಿ. ಸಮತಟ್ಟಾದ ಟಾರು ರಸ್ತೆಗೆ ಹೆದರಬೇಡಿ, ನಡಿಗೆಯ ವೇಗದಲ್ಲಿ ಅದು ಗೊರಸಿಗೆ ಒಳ್ಳೆಯ ವ್ಯಾಯಾಮ, ಬರಿಗಾಲು ಕಬ್ಬಿಣದ ಹಾಗೆ ಜಾರುವುದೂ ಇಲ್ಲ. ಮಧ್ಯಾಹ್ನದ ಕಾದ ಟಾರು ಮಾತ್ರ ಬೇಡ. ಅಂಜಿಕೊಂಡು ಹೆಜ್ಜೆಯಿಟ್ಟರೆ ಆ ದಾರಿ ಬಿಟ್ಟುಬಿಡಿ, ದೂಡಿ ನಡೆಸಿದರೆ ಒಳಗೆ ಪೆಟ್ಟಾಗುತ್ತದೆ. ಗೊರಸಿಗೆ ಹಾಕುವ ಬೂಟುಗಳು ಸಿಗುತ್ತವೆ, ಸವಾರಿಗೆ ಹಾಕಿ ಬಂದ ಮೇಲೆ ಬಿಚ್ಚುವಂಥವು. ದುಬಾರಿ, ಆದರೂ ಮುಂಗಾಲಿಗೆ ಒಂದು ಜೊತೆ ತರಿಸಿದರೆ ಈ ತಿಂಗಳುಗಳು ಸಲೀಸಾಗುತ್ತವೆ. ಭಾರದ ಶೇ. 60ರಷ್ಟು ಹೊರುವುದು ಮುಂಗಾಲುಗಳೇ.

ಕುಂಟು ಬೀಳುತ್ತದೆ ಎಂದ ಆ ಇನ್ನೊಬ್ಬರಿಗೆ ಹೇಳಿ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಜಿಗಿತ ಸ್ಪರ್ಧೆಯಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಾಗ ಅದರ ಎರಡು ಕುದುರೆಗಳು, ಆಲ್ ಇನ್ ಮತ್ತು ಕಿಂಗ್ ಎಡ್ವರ್ಡ್, ಲಾಳವಿಲ್ಲದೆ ಜಿಗಿದವು. ಅಮೆರಿಕದ ಹ್ಯೂಸ್ಟನ್ ಪೊಲೀಸರ ಅಶ್ವದಳ ಬರಿಗಾಲಿನಲ್ಲೇ ನಗರದ ರಸ್ತೆ ಕಾಯ್ದಿದೆ. ಹಾಗೆಂದು ಎಲ್ಲರಿಗೂ ಇದನ್ನು ಹೇಳಲಾರೆ. ಮೈಸೂರಿನ ಅರಮನೆಯ ಸುತ್ತ ದಿನಕ್ಕೆ ಐದಾರು ಗಂಟೆ ಟಾರಿನ ಮೇಲೆ ಟಾಂಗಾ ಎಳೆಯುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಅದರ ಲಾಳ ಬಿಚ್ಚಿಸುವುದು ಹಿಂಸೆ. ಪಾದದ ಮೂಳೆ ತಿರುಗಿದ ಹಳೆಯ ಲ್ಯಾಮಿನೈಟಿಸ್ ಇದ್ದರೂ ಎಕ್ಸ್‌ರೇ ನೋಡದೆ ತೀರ್ಮಾನಿಸಬಾರದು. ನಿಮ್ಮ ಕುದುರೆಗೂ ಬಿಚ್ಚುವ ಮೊದಲು ಒಂದು ಎಕ್ಸ್‌ರೇ ಆದರೆ ಅಂಗಾಲು ಎಷ್ಟು ದಪ್ಪವಿದೆ ಎಂಬುದು ಊಹೆ ಇಲ್ಲದೆ ಗೊತ್ತಾಗುತ್ತದೆ.

ತಡಮಾಡದೆ ವೈದ್ಯರನ್ನು ಕರೆಯಬೇಕಾದ ಎರಡು ಸಂದರ್ಭ ಹೇಳಿಬಿಡುತ್ತೇನೆ. ಕುದುರೆ ಮುಂಗಾಲು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದು, ಗೊರಸು ಬಿಸಿಯಾಗಿ, ಗೊರಸಿಗಿಂತ ಮೇಲಿನ ಗೆಣ್ಣಿನ ಹಿಂದೆ ಬೆರಳಿಟ್ಟಾಗ ನಾಡಿ ಜೋರಾಗಿ ಬಡಿದರೆ ಅದು ಲ್ಯಾಮಿನೈಟಿಸ್. ಕಾಳು ಕದ್ದು ತಿಂದ ಮೇಲೆ ಒಂದರಿಂದ ಮೂರು ದಿನದೊಳಗೆ ಬರುತ್ತದೆ. ನಡೆಸಬೇಡಿ, ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿಟ್ಟು ಫೋನು ಮಾಡಿ. ಕಾಳಿನ ಮೂಟೆ ಖಾಲಿಯಾದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಆಗಲೇ ಮಂಜುಗಡ್ಡೆ ಹಾಕಬೇಕು, ಹೆಚ್ಚು ಉಪಯೋಗ ಆಗಲೇ. ಇನ್ನೊಂದು, ಅಂಗಾಲಿಗೆ ಮೊಳೆ ಚುಚ್ಚಿದ್ದು. ಕುದುರೆಗೆ ಧನುರ್ವಾಯು ಬೇಗ ಹಿಡಿಯುತ್ತದೆ, ಹಿಡಿದರೆ ಉಳಿಯುವುದು ಕಷ್ಟ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವರ್ಷಕ್ಕೊಂದು, ಎರಡೂ ಕುದುರೆಗೆ ಈ ವಾರವೇ ಶುರುಮಾಡಿ.

ಕೊನೆಗೆ ನಿಮ್ಮ ಮರಿಯ ವಿಷಯ. ಅದಕ್ಕೆ ಲಾಳ ಕಟ್ಟಿಸಬೇಡಿ. ಎಲುಬು ಬಲಿಯುವುದು ಇನ್ನೂ ಮುಗಿದಿಲ್ಲ, ಹಿಮ್ಮಡಿಯ ಮೆತ್ತೆ ತುಂಬಿಕೊಳ್ಳುವುದು ನಡೆದಾಟದಿಂದಲೇ, ಈಗ ಮೊಳೆ ಹೊಡೆದರೆ ಆ ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡ ಕುದುರೆಗೆ ಹೇಳಿದ ಮೇವು, ದಾರಿ, ಕಲ್ಲು ಅದಕ್ಕೂ ಆಗುತ್ತದೆ. ಒಣ ಮೇವಿನ ಅಳತೆ ಅದರ ತೂಕಕ್ಕೆ ತಕ್ಕಂತೆ ಇರಲಿ, ಕುದುರೆ ಮಸಾಲೆ ಸೊಪ್ಪನ್ನು ಬೆಳೆಯುವ ಮರಿಗೆ ತಪ್ಪಿಸಬೇಡಿ. ದಿನಾ ಬೆಳಿಗ್ಗೆ ನಾಲ್ಕೂ ಕಾಲೆತ್ತಿಸಿ ಗೊರಸು ಕೆರೆಯಿರಿ, ಮೊದಮೊದಲು ಐದೆಣಿಸುವಷ್ಟು ಹೊತ್ತು, ಆಮೇಲೆ ಹೆಚ್ಚಿಸುತ್ತಾ ಹೋಗಿ. ಒದೆಯುವ ಮುಂಚೆ ನೀವೇ ಕಾಲು ಇಳಿಸಿಬಿಡಿ. ಆರು ವಾರಕ್ಕೊಮ್ಮೆ ಅಂಚು ಉಜ್ಜಿಸಿದರೆ ಆಯಿತು.